ನೊರೆಯಕ್ಕನ ಎರಡು ಪೈಪು

ನಮ್ಮ ಕಾರ್ಖಾನೆಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ನೊರೆಯಕ್ಕ. ಸತುವಿನ ಅದಿರನ್ನು ನುಣ್ಣಗೆ ಅರೆದು, ನೀರಿಗೆ ಕಲಸಿ, ಗಾಳಿ ಊದಿ ನೊರೆ ಎಬ್ಬಿಸುವ ತೊಟ್ಟಿಗಳ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. ನಾನು ಪಕ್ಕದ ಪಂಪುಗಳನ್ನು ನೋಡಿಕೊಳ್ಳುವವನು. ಅವರಿಂದ ಬೈಸಿಕೊಳ್ಳುವುದರಲ್ಲಿ ನನ್ನದೂ ಹೆಚ್ಚುಕಡಿಮೆ ಅಷ್ಟೇ ಸರ್ವೀಸು.

ಆ ಕೆಲಸದ ಗುಟ್ಟು ಇಷ್ಟೇ. ಸತುವಿನ ಕಣಕ್ಕೆ ನೀರೆಂದರೆ ಆಗದ ಹಾಗೆ ಮಾಡಬೇಕು. ಆಗ ಅದು ಗಾಳಿಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಬರೀ ಕಲ್ಲು ಕೆಸರಾಗಿ ಆಚೆ ಹೋಗುತ್ತದೆ. ಅದಕ್ಕೆ ನೊರೆತೊಟ್ಟಿಗಳಿಗೆ ಮುಂಚೆ ಇನ್ನೆರಡು ತೊಟ್ಟಿ. ಮೊದಲನೆಯದರಲ್ಲಿ ಮೈಲುತುತ್ತದ ನೀಲಿ ನೀರು ಬಿದ್ದು ಕಣದ ಮೈ ಹದವಾಗಬೇಕು. ಆಮೇಲೆ ಎರಡನೆಯದರಲ್ಲಿ ನೀರನ್ನು ದೂರವಿಡುವ ಮದ್ದು. ಕ್ರಮ ತಪ್ಪಿದರೆ ಮದ್ದು ಕಣಕ್ಕೆ ಹಿಡಿಯುವುದಿಲ್ಲ, ಸುರಿದದ್ದೆಲ್ಲ ದಂಡ.

ನೊರೆಯಕ್ಕನ ಸೊಸೆ ನಮ್ಮ ಲ್ಯಾಬಿನಲ್ಲೇ ಕೆಮಿಸ್ಟ್. ಒಂದು ತಿಂಗಳ ಹಿಂದೆ ಮೀಟಿಂಗಿನಲ್ಲಿ ಎಲ್ಲರೆದುರು, "ಮದ್ದನ್ನ ಕೈಯಲ್ಲಿ ಅಳೆಯೋದು ಸಾಕು, ಮೀಟರ್ ಹಾಕ್ಸಿ. ಮನುಷ್ಯರು ಅಂದ್ಮೇಲೆ ತಪ್ಪಾಗತ್ತೆ" ಅಂದುಬಿಟ್ಟಳು. ಎರಡು ಗಂಟೆಗೊಮ್ಮೆ ಪೈಪು ಹೊರತೆಗೆದು, ಅಳತೆ ಜಾಡಿಗೆ ಹಿಡಿದು, ನಿಮಿಷಕ್ಕೆ ಎಷ್ಟು ಬೀಳುತ್ತದೆಂದು ನೋಡುವ ಕೈ ಅತ್ತೆಯದು. ಅಂದಿನಿಂದ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. "ಅವಳಿಗೆ ಇನ್ನೊಂಚೂರು ಅನ್ನ ಬೇಕಾ ಕೇಳು" ಎಂದು ಮಗನ ಮೂಲಕ ವ್ಯವಹಾರ. ಮೂವರೂ ಕೂರುವುದು ಒಂದೇ ಮೇಜಿಗೆ.

ಆ ದಿನ ಸೊಸೆ ತಯಾರಿಸಿದ ಹೊಸ ಮದ್ದಿನ ಪರೀಕ್ಷೆ, ಬೆಳಗ್ಗೆ ಆರರಿಂದ ಎಂಟು ಗಂಟೆಗಳ ಕಾಲ. ಕೆಸರಿನಲ್ಲಿ ಹೋಗುವ ಸತು ಕಡಿಮೆಯಾದರೆ ಅವಳ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಮ್ಯಾನೇಜರು ಖುದ್ದಾಗಿ ಬಂದು ಕುರ್ಚಿ ಹಾಕಿಸಿಕೊಂಡಿದ್ದರು.

ಎಂಟರವರೆಗೆ ನೊರೆ ದಪ್ಪಗೆ, ಕಂದು ಬಣ್ಣಕ್ಕೆ ಮಿನುಗುತ್ತಿತ್ತು. ಒಂಬತ್ತಕ್ಕೆ ಬೆಳ್ಳಗಾಯಿತು. ಒಂಬತ್ತೂವರೆಗೆ ಬರೀ ನೀರುಗುಳ್ಳೆ. ಸೊಸೆ ಮದ್ದು ಹೆಚ್ಚಿಸಿದಳು. ಏನೂ ಆಗಲಿಲ್ಲ. ಮ್ಯಾನೇಜರು ಗಡಿಯಾರ ನೋಡಿ, "ಹತ್ತೂವರೆಗೆ ನಿಲ್ಲಿಸಿಬಿಡೋಣ" ಅಂದರು.

ನೊರೆಯಕ್ಕ ಗಾಳಿ ನೋಡಿದರು, ನೀರಿನ ಹದಕ್ಕೆ ಹಾಕುವ ಸುಣ್ಣ ನೋಡಿದರು. ಕೊನೆಗೆ ಮದ್ದು ಬೀಳುವ ಎರಡು ತೊಟ್ಟಿಗಳ ಮುಚ್ಚಳ ಎತ್ತಿದರು. ಅವರ ಕೈ ಅಲ್ಲೇ ನಿಂತಿತು. ಎರಡನೇ ತೊಟ್ಟಿಯ ಪೈಪಿನಿಂದ ನೀಲಿ ನೀರು ಬೀಳುತ್ತಿತ್ತು.

"ಎಂಟು ಗಂಟೆ ಅಳತೆಗೆ ಅವಳು ಹಿಂದೇನೇ ನಿಂತಿದ್ಲು ಕಣೋ," ಅಂದರು ನನಗೆ, ಮೆಲ್ಲಗೆ. "ನನ್ನ ಕೈ ಎಷ್ಟು ಚುರುಕು ಅಂತ ತೋರ್ಸೋಕೆ ಹೋಗಿ ಎರಡೂ ಪೈಪು ಒಟ್ಟಿಗೆ ತೆಗ್ದೆ. ಹಾಕೋವಾಗ ಅದಲುಬದಲು ಮಾಡಿದೀನಿ."

"ಸುಮ್ನೆ ಸರಿ ಮಾಡ್ಬಿಡಿ ಅಕ್ಕ. ಯಾರಿಗೂ ಗೊತ್ತಾಗಲ್ಲ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಸರಿ ಮಾಡಿದರೆ ನೊರೆ ಬರುತ್ತದೆ, ಆದರೆ ಹಾಳಾದ ಎರಡು ಗಂಟೆ ಸೊಸೆಯ ಮದ್ದಿನ ತಲೆಗೆ ಬರುತ್ತದೆ. ಬಾಯಿಬಿಟ್ಟರೆ ಆ ಮೀಟಿಂಗಿನ ಮಾತೇ ನಿಜವಾಗುತ್ತದೆ. ಅದೂ ಹೋಗಲಿ, ಇದು ಕೈತಪ್ಪಿ ಆದದ್ದು ಎಂದು ನಂಬುವವರು ಯಾರು? ಮಾತು ಬಿಟ್ಟ ಅತ್ತೆ, ಸೊಸೆಯ ಪರೀಕ್ಷೆ. ಕ್ಯಾಂಟೀನಿಗೆ ಇಷ್ಟು ಸಾಕು, ವರ್ಷವಿಡೀ ಅಗಿಯಲು.

ನೊರೆಯಕ್ಕ ಕಂಬಿ ಹಿಡಿದು ನಿಂತರು. ಪೈಪು ಮುಟ್ಟಲಿಲ್ಲ. ಇದ್ದದ್ದು ಇದ್ದ ಹಾಗೇ ಕಾಣಲಿ ಎಂದು ಮುಚ್ಚಳ ತೆರೆದಿಟ್ಟು ಮ್ಯಾನೇಜರನ್ನು ಕರೆತಂದರು. ಹಿಂದೆಯೇ ಸೊಸೆಯೂ ಬಂದಳು.

"ತಪ್ಪು ಮದ್ದಿಂದಲ್ಲ ಸಾರ್. ನಂದು."

ಮ್ಯಾನೇಜರು ಅವರನ್ನು ಕೇಳಲಿಲ್ಲ. ಸೊಸೆಯ ಕಡೆ ತಿರುಗಿದರು. "ಬೇಕಂತ ಮಾಡಿದಾರೆ ಅನ್ಸತ್ತಾ ನಿಮಗೆ?"

ಸೊಸೆ ತೊಟ್ಟಿಯೊಳಗೇ ನೋಡುತ್ತಿದ್ದಳು. ನೊರೆಯಕ್ಕನ ಮುಖ ನೋಡಲಾರದೆ ನಾನು ನನ್ನ ಬೂಟು ನೋಡಿದೆ.

"ಸಿಟ್ಟು ಬಂದ್ರೆ ಅತ್ತೆ ನನ್ನ ಹತ್ರ ಮಾತು ಬಿಡ್ತಾರೆ ಸಾರ್," ಅಂದಳು ಕೊನೆಗೆ. "ಬಿಟ್ಟಿದಾರೆ ಕೂಡ. ಆದ್ರೆ ನೊರೆ ಕೆಡ್ಸಲ್ಲ."

"ಹಾಗಾದ್ರೆ ಬರವಣಿಗೆಲಿ ಕೊಡಿ. ತಪ್ಪು ಇವರದು ಅಂತ ಇವರು ಬರೀಲಿ, ಸಾಕ್ಷಿಗೆ ನೀವು ಸಹಿ ಹಾಕಿ. ಮತ್ತೆ ಮೊದಲಿಂದ ಎಂಟು ಗಂಟೆ ಕೊಡ್ತೀನಿ."

ನೊರೆಯಕ್ಕ ನಿಂತಲ್ಲೇ ಬರೆದುಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರ ಫೈಲಿಗೆ ಬಿದ್ದ ಮೊದಲ ಮಸಿ. ಸೊಸೆ ಪೆನ್ನು ಹಿಡಿದು ಕಾಗದವನ್ನೇ ನೋಡುತ್ತ ನಿಂತಳು.

"ಹಾಕಮ್ಮ," ಅಂದರು ನೊರೆಯಕ್ಕ. ಒಂದು ತಿಂಗಳ ನಂತರ ನೇರವಾಗಿ ಆಡಿದ ಮೊದಲ ಮಾತು. "ಅತ್ತೆ ಅಂತ ಇವತ್ತು ಬಿಟ್ರೆ, ನಾಳೆ ನೀನು ಕೊಡೋ ರಿಪೋರ್ಟನ್ನ ಯಾರೂ ನಂಬಲ್ಲ."

ಅವಳು ಸಹಿ ಹಾಕಿದಳು.

ಪೈಪು ಸರಿಮಾಡಿದ ಮೇಲೆ ಹನ್ನೊಂದರಿಂದ ಸಂಜೆ ಏಳರವರೆಗೆ ಕಂದು ನೊರೆ ಒಂದೇ ಸಮನೆ ಉಕ್ಕಿತು. ಕೆಸರಿನಲ್ಲಿ ಸತು ಅರ್ಧಕ್ಕರ್ಧ ಇಳಿದಿತ್ತು, ಸೊಸೆಯ ಕೆಲಸ ಕಾಯಂ ಆಯಿತು. ಮುಂದಿನ ವಾರ, ಮದ್ದಿನ ಪೈಪುಗಳಿಗೆ ಮೀಟರ್ ಹಾಕಿಸಿಕೊಡಿ ಎಂಬ ಅರ್ಜಿಯೊಂದು ಆಫೀಸಿಗೆ ಹೋಯಿತು. ಬರೆದವರು ನೊರೆಯಕ್ಕ.