ಸೆಚಿವಾ ಉಡದೆ ಇಟ್ಟ ಬಟ್ಟೆ

ಸೆಚಿವಾಳ ಸಾರಿನಲ್ಲಿ ಮೀನು ಈಜಿಕೊಂಡು ಹೋಗಿದೆಯೇ ಹೊರತು ನಿಂತಿಲ್ಲ ಎಂದು ಅವಳ ಗಂಡನೇ ನಗೆಯಾಡುತ್ತಿದ್ದ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹೊಗೆಯಲ್ಲಿ ಒಣಗಿಸಿದ ಒಂದು ಮೀನು ಅವಳ ಕೈಯಲ್ಲಿ ಮೂರು ದಿನ ಬರುತ್ತಿತ್ತು. ಮೊದಲ ದಿನ ಇಡಿಯಾಗಿ ಕುದಿಸಿ ಹೊರಗೆ ತೆಗೆದಿಡುವುದು, ಮರುದಿನ ಬೆನ್ನು ಮತ್ತು ಬಾಲ, ಮೂರನೆಯ ದಿನ ತಲೆಯನ್ನು ಜಜ್ಜಿ ಹಾಕುವುದು. ಸೋಪಿನ ಉದ್ದನೆಯ ಪಟ್ಟಿಯನ್ನು ದಾರದಿಂದ ಕೊಯ್ದು ತಿಂಗಳುಗಟ್ಟಲೆ ಒಣಗಿಸುತ್ತಿದ್ದಳು, ಒಣಗಿದ ಸೋಪು ಬೇಗ ಕರಗುವುದಿಲ್ಲವೆಂದು. ಅಡುಗೆ ಇಳಿಸಿದ ಕೂಡಲೇ ಕೆಂಡದ ಮೇಲೆ ಮರಳು ಸುರಿದು, ಆರಿದ ಇದ್ದಿಲನ್ನು ನಾಳೆಗೆ ಹೆಕ್ಕಿಡುತ್ತಿದ್ದಳು. ಕೊನೊಂಗೊ ಸಂತೆಯಲ್ಲಿ ಟೊಮೆಟೊ ಮಾರುವ ಹೆಂಗಸರು ಅವಳನ್ನು ದೂರದಲ್ಲಿ ಕಂಡರೆ ಸಾಕು, "ಬಂದ್ಲು ಕಣ್ರೇ, ಇನ್ನು ನಾಲ್ಕು ಹಣ್ಣಿಗೆ ನಾಲ್ಕು ಗಂಟೆ" ಎಂದು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಗಂಡ ಬೊವಾಡು ರೈಲ್ವೆಯಲ್ಲಿ ಸಿಗ್ನಲ್ ಕೆಲಸದವನು. ಬೆಳಿಗ್ಗೆ ಹೊರಡುವ ಮುಂಚೆ ಅವತ್ತಿನ ಅಡುಗೆ ದುಡ್ಡನ್ನು ಮಣೆಯ ಮೇಲಿಟ್ಟು ಹೋಗುವುದು ನಮ್ಮಲ್ಲಿ ಗಂಡಸಾದವನ ಕರ್ತವ್ಯ. ಬೊವಾಡು ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅದರಲ್ಲಿ ಉಳಿದದ್ದು ಹೆಂಡತಿಯದು. ಗಂಡ ಬದುಕಿರುವ ತನಕ ಅದನ್ನು ಕೇಳುವವರಿಲ್ಲ.

ಉಳಿದದ್ದನ್ನು ಸೆಚಿವಾ ದುಡ್ಡಾಗಿ ಇಡುತ್ತಿರಲಿಲ್ಲ. ನಮ್ಮ ನಾಣ್ಯವಾದ ಸೀಡಿಯ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತಿತ್ತು, ಮನೆಯಲ್ಲಿ ದುಡ್ಡಿದ್ದರೆ ನೆಂಟರಿಗೆ ಅದು ಹೇಗೋ ವಾಸನೆ ಹೊಡೆಯುತ್ತದೆ. ಬಟ್ಟೆಯ ಬೆಲೆ ಮಾತ್ರ ಏರುತ್ತಲೇ ಇತ್ತು. ಆರು ಗಜದ ಅಚ್ಚಿನ ಬಟ್ಟೆ, ಹಾಲೆಂಡಿನ ಅಸಲಿ ಮಾಲು, ಒಂದು ಪೀಸು ಕೊಳ್ಳಲು ಎಂಟು ಹತ್ತು ತಿಂಗಳು ಹಿಡಿಯುತ್ತಿತ್ತು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಕರ್ಪೂರದ ಗುಳಿಗೆಗಳ ನಡುವೆ ಅಂಥ ಇಪ್ಪತ್ತಮೂರು ಪೀಸು ಸೇರಿದ್ದವು. ಒಂದೊಂದು ಅಚ್ಚಿಗೂ ಸಂತೆಯಲ್ಲಿ ಒಂದು ಹೆಸರು: ಗ್ರಾಮೊಫೋನ್ ತಟ್ಟೆ, ಆಮೆಯ ಬೆನ್ನು, ಬಾವಿ. ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಂಡು ಅವನ್ನೆಲ್ಲ ಹಾಸಿಗೆಯ ಮೇಲೆ ಹರವಿ, ಮಡಿಕೆ ಬದಲಿಸಿ, ಮತ್ತೆ ಒಳಗಿಡುತ್ತಿದ್ದಳು. ಆಗ ಬೊವಾಡು ಮೂಲೆಯಲ್ಲಿ ಕೂತು, "ಒಂದನ್ನಾದ್ರೂ ಉಡೇ, ನಾನು ಸಾಯೋದ್ರೊಳಗೆ ಕಣ್ತುಂಬ ನೋಡ್ತೀನಿ" ಎನ್ನುತ್ತಿದ್ದ. ಅವಳು, "ಕತ್ತರಿ ತಾಗಿದ್ರೆ ಬೆಲೆ ಅರ್ಧ ಆಗತ್ತೆ, ಸುಮ್ನಿರಿ" ಎನ್ನುತ್ತಿದ್ದಳು.

ಬೇರೆ ಹೆಂಗಸರೂ ಹೀಗೆಯೇ ಬಟ್ಟೆಯಲ್ಲಿ ಉಳಿಸುತ್ತಾರೆ. ಆದರೆ ಹೊಸ ಬಟ್ಟೆ ಕೊಂಡವಳು ಮುಂದಿನ ಭಾನುವಾರ ಅದನ್ನು ಉಟ್ಟು ಚರ್ಚಿಗೆ ಹೋಗಿ ಬಂದೇ ಪೆಟ್ಟಿಗೆಗೆ ಹಾಕುವುದು. ನೋಡುವವರಿಗೆ ಅದು ಜಂಬ. ಜಂಬವೂ ಹೌದು, ಆದರೆ ಊರು ಕಣ್ಣಾರೆ ನೋಡಿದ ಮೇಲೆ ಆ ಬಟ್ಟೆ ಅವಳದಲ್ಲವೆಂದು ಯಾರೂ ಹೇಳುವಂತಿಲ್ಲ. ಸೆಚಿವಾ ಬುದ್ಧಿವಂತೆ, ಈ ಒಂದು ಖರ್ಚನ್ನೂ ಉಳಿಸಿದಳು. ಎರಡೇ ಬಟ್ಟೆಯಲ್ಲಿ, ಒಂದು ಮನೆಗೆ ಒಂದು ಚರ್ಚಿಗೆ, ಹೊಟ್ಟೆ ಬಟ್ಟೆ ಕಟ್ಟಿ ಬದುಕು ಸವೆಸಿದಳು.

ಎಲ್ಲವೂ ಅಡೊಮಾಳಿಗಾಗಿ. ಮೊದಲಿನ ಎರಡು ಕೂಸುಗಳು ಉಳಿಯಲಿಲ್ಲ, ಇವಳು ಉಳಿದಳು. ಹದಿನಾಲ್ಕು ವರ್ಷದ ಹುಡುಗಿ, ಓದಿನಲ್ಲಿ ಚುರುಕು. ಆ ವರ್ಷ ಹಾಸ್ಟೆಲಿರುವ ಹೈಸ್ಕೂಲಿನ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದಳು. ಫೀಸಿನ ಜೊತೆಗೆ ತರಬೇಕಾದ ಸಾಮಾನಿನ ಪಟ್ಟಿಯೂ ಬಂದಿತ್ತು: ಹಾಸಿಗೆ, ಕಬ್ಬಿಣದ ಟ್ರಂಕು, ಬಿಳಿ ಫ್ರಾಕು ಎರಡು, ಬಕೆಟ್ಟು, ಹುಲ್ಲು ಸವರಲು ಮಚ್ಚು. ಸೆಪ್ಟೆಂಬರಿಗೆ ಶಾಲೆ. ಐದು ವರ್ಷದ ಓದಿಗೆ ಇಪ್ಪತ್ತಮೂರು ಪೀಸು ಸಾಕು, ಕೊನೆಗೆ ಒಂದೆರಡು ಮಿಗಲೂಬಹುದು ಎಂದು ಸೆಚಿವಾ ಲೆಕ್ಕ ಹಾಕಿದ್ದಳು.

ಜುಲೈಯಲ್ಲಿ ಬೊವಾಡು ಸತ್ತ. ನಾಲ್ಕು ದಿನ ಜ್ವರ, ಎದೆನೋವು, ಐದನೆಯ ದಿನ ಇಲ್ಲ. ಮೊದಲಿನಿಂದಲೂ ಸೌದೆ ಸಿಗಿದಂತಿದ್ದ ಮನುಷ್ಯ, ಹೋಗುವಾಗ ಇನ್ನೂ ಬಡವಾಗಿದ್ದ.

ಗಂಡಸಿನ ಆಸ್ತಿ ನಮ್ಮಲ್ಲಿ ಹೆಂಡತಿ ಮಕ್ಕಳಿಗೆ ಹೋಗುವುದಿಲ್ಲ, ಅವನ ತಾಯಿಯ ಕಡೆಯವರಿಗೆ ಹೋಗುತ್ತದೆ. ಬೊವಾಡುವಿನ ವಾರಸುದಾರ ಅವನ ಅಕ್ಕ ಅಬ್ರಫಿಯ ಮಗ. ನಲವತ್ತನೆಯ ದಿನ ಆ ಮನೆತನದ ಅಂಗಳದಲ್ಲಿ ಎಲ್ಲರೂ ಸೇರಿದರು. ಸತ್ತವನ ಸೈಕಲ್ಲು, ರೇಡಿಯೊ, ಮಂಚ, ಎರಡು ಕೋಟು ಹೊರಗೆ ಬಂದವು. ಕೊನೆಗೆ ಪೆಟ್ಟಿಗೆಯೂ ಬಂತು. ಮುಚ್ಚಳ ತೆಗೆದಾಗ ಹೆಂಗಸರ ಗುಂಪಿನಲ್ಲಿ ಉಸಿರೆಳೆದುಕೊಂಡ ಸದ್ದು ಸೆಚಿವಾಳಿಗೆ ಕೇಳಿಸಿತು. ಕಪ್ಪು ಬಟ್ಟೆಯಲ್ಲಿ ಕೂತಿದ್ದ ಅವಳು ಹೆದರಲಿಲ್ಲ. ತನ್ನದು ತನ್ನದೇ ಎಂದು ನಂಬಿದ್ದಳು.

ಮನೆತನದ ಹಿರಿಯ ಒಪಾನಿನ್ ಒಬೆಂಗ್ ಕೇಳಿದ, "ಇದೆಲ್ಲ ಯಾರದಮ್ಮಾ?"

"ನನ್ನದು ಅಜ್ಜಾ. ಅಡುಗೆ ದುಡ್ಡಲ್ಲಿ ಉಳಿಸಿ ತಗೊಂಡಿದ್ದು."

"ಉಳಿಸಿದ್ದಲ್ಲ, ಅವನ ಬಾಯಿಂದ ಕಿತ್ತಿದ್ದು!" ಅಬ್ರಫಿ ಎದ್ದು ನಿಂತಳು. ದಪ್ಪ ಹೆಂಗಸು, ಗಂಟಲೂ ದಪ್ಪ. "ನನ್ನ ತಮ್ಮನ ಹೆಣ ಎತ್ತೋಕೆ ಎಷ್ಟು ಜನ ಬೇಕಾಯ್ತು, ಕೇಳಿ ಅಜ್ಜಾ. ಇಬ್ರು. ಇಬ್ರೇ ಸಾಕಾದ್ರು! ಮಗು ಎತ್ಕೊಂಡಂಗೆ ಎತ್ಕೊಂಡ್ರು. ಈಗ ಗೊತ್ತಾಯ್ತು ಅವನ ಮಾಂಸ ಎಲ್ಲೋಯ್ತು ಅಂತ."

ಒಬೆಂಗ್ ಕೈಯೆತ್ತಿ ಅವಳನ್ನು ಕೂರಿಸಿದ. ಅವನು ಕೆಟ್ಟವನಲ್ಲ, ಪದ್ಧತಿ ಬಲ್ಲವನು. "ಅಡುಗೆ ದುಡ್ಡಲ್ಲಿ ಉಳಿದಿದ್ದು ಹೆಂಡ್ತಿದೇ. ಅದ್ರಲ್ಲಿ ಮಾತಿಲ್ಲ. ಆದ್ರೆ ಅವಳದು ಅಂತ ನಾಲ್ಕು ಜನ ಕಂಡಿರ್ಬೇಕಲ್ಲ? ಇದ್ರಲ್ಲಿ ಒಂದನ್ನ, ಒಂದೇ ಒಂದನ್ನ, ಇವಳ ಮೈಮೇಲೆ ನೋಡಿದೋರು ಇದ್ರೆ ಹೇಳಿ."

ಸೆಚಿವಾ ತನ್ನ ಅಣ್ಣ ತಾಚಿಯ ಕಡೆ ನೋಡಿದಳು. ಅವಳ ಪರ ಮಾತಾಡಲು ಬಂದಿದ್ದ ಅವನೂ ಆ ಪೀಸುಗಳನ್ನು ನೋಡುತ್ತಿದ್ದುದು ಅವತ್ತೇ ಮೊದಲು. ಕಂಡಿದ್ದವನು ಒಬ್ಬನೇ, ಅವನು ಮಣ್ಣಿಗೆ ಹೋಗಿ ನಲವತ್ತು ದಿನವಾಗಿತ್ತು. ಒಂದು ಭಾನುವಾರ, ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಭಾನುವಾರ ಉಟ್ಟು ತಿರುಗಿದ್ದರೆ ಆಗುತ್ತಿತ್ತಲ್ಲ ಎಂದುಕೊಂಡಳು.

ಅಬ್ರಫಿ ಈಗ ಮೆಲ್ಲಗೆ ಮಾತಾಡಿದಳು. "ನನ್ನ ಹೆಂಡ್ತೀ," ಎಂದಳು. ತಮ್ಮನ ಹೆಂಡತಿಯನ್ನು ನಮ್ಮ ಕಡೆ ಅಕ್ಕಂದಿರು ಸಲಿಗೆಯಿಂದ ಕರೆಯುವುದೇ ಹಾಗೆ. "ನಮ್ಮಮ್ಮ ಸತ್ತಾಗ ನಿನ್ನ ಮನೆ ಬಾಗಿಲಿಗೆ ಬಂದಿದ್ದೆ, ನೆನಪಿದ್ಯಾ? ಜೊತೇಲಿ ಇವರಿಬ್ರೂ ಇದ್ರು. ಸಾವಿನ ಮನೇಲಿ ಉಡೋಕೆ ಒಂದು ಬಟ್ಟೆ ಎರವಲು ಕೊಡೇ ಅಂತ ಕೇಳ್ದೆ. ಏನಂದೆ ನೀನು?"

ಆರು ವರ್ಷದ ಹಿಂದಿನ ಮಾತು. ಒಂದು ಪೀಸು ಹೊರಗೆ ಹೋದರೆ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಊರಿಗೆ ಗೊತ್ತಾಗುತ್ತದೆ, ಎರವಲು ಹೋದದ್ದು ವಾಪಸು ಬರುವುದಿಲ್ಲ ಎಂಬ ಭಯಕ್ಕೆ ಅವತ್ತು ಸೆಚಿವಾ ಬಾಯಿಗೆ ಬಂದದ್ದನ್ನು ಹೇಳಿ ಸಾಗಹಾಕಿದ್ದಳು.

"ನೀನು ಹೇಳಲ್ಲ, ನಾನೇ ಹೇಳ್ತೀನಿ," ಎಂದಳು ಅಬ್ರಫಿ. "ಮಂಚದ ಕೆಳಗಿನ ಆ ಪೆಟ್ಟಿಗೇಲಿ ಏನಿದೆ ಅಂತ ನಾನು ಕೇಳ್ದೆ. ಅದ್ರಲ್ಲಿರೋದೆಲ್ಲ ನಿನ್ನ ತಮ್ಮಂದು, ನಂದು ಅಂತ ಒಂದು ಗಜಾನೂ ಇಲ್ಲ ಅಂತ ನಿಮ್ಮಮ್ಮನ ಸಮಾಧಿ ಮೇಲೆ ಆಣೆ ಇಟ್ಟೆ ನೀನು. ಅಂದ್ಯೋ ಇಲ್ವೋ?"

ಜೊತೆಗೆ ಹೋಗಿದ್ದ ಇಬ್ಬರು ಹೆಂಗಸರೂ ತಲೆಯಾಡಿಸಿದರು.

ಇಲ್ಲ ಎನ್ನಬಹುದಿತ್ತು. ಇಬ್ಬರು ಸಾಕ್ಷಿಗಳ ಎದುರು ನಿಲ್ಲುತ್ತಿರಲಿಲ್ಲ, ಆದರೂ ಎನ್ನಬಹುದಿತ್ತು. ಅಂಗಳದ ಅಂಚಿನಲ್ಲಿ ಅಡೊಮಾ ಶಾಲೆಯ ಪಟ್ಟಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಸೆಚಿವಾ ಎದ್ದು ನಿಂತಳು.

"ಅಂದಿದ್ದು ನಿಜ. ಅವತ್ತು ಸುಳ್ಳು ಹೇಳ್ದೆ. ಬಟ್ಟೆ ನನ್ನದೇ."

ಪಕ್ಕದಲ್ಲಿ ತಾಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆ ಸಮಾಧಿ ಅವನ ತಾಯಿಯದೂ ಹೌದಲ್ಲ. "ನಮ್ಮಮ್ಮನ ಮೇಲೆ ಸುಳ್ಳಾಣೆ ಹಾಕ್ದೇನೇ ತಂಗೀ?" ಎಂದ.

ಒಬೆಂಗ್ ಎದ್ದ. ಇನ್ನಿಬ್ಬರು ಮುದುಕರ ಜೊತೆ ಪಿಸುಗುಟ್ಟಿ ಬಂದ. "ನೋಡಮ್ಮಾ, ನೀನು ಎರಡು ಮಾತು ಹೇಳಿದ್ದೀಯ. ಒಂದು ಆರು ವರ್ಷದ ಹಿಂದೆ ಆಣೆ ಇಟ್ಟು ಹೇಳಿದ್ದು, ಆಗ ಯಾರೂ ಸತ್ತ ಗಂಡನ ಪೆಟ್ಟಿಗೆ ಹಂಚ್ಕೊಳ್ತಿರ್ಲಿಲ್ಲ. ಇನ್ನೊಂದು ಈಗ ಪೆಟ್ಟಿಗೆ ಮುಂದೆ ನಿಂತು ಹೇಳಿದ್ದು. ಆಣೆ ಇಟ್ಟೇ ಸುಳ್ಳು ಹೇಳೋಳು ಅಂತ ನಿನ್ನ ಬಾಯಲ್ಲೇ ಹೇಳ್ತಿದ್ದೀಯ. ಹಂಗಿರೋವಾಗ ಇವತ್ತಿಂದನ್ನ ನಾನು ಹೆಂಗಮ್ಮ ನಂಬ್ಲಿ?"

ಪೆಟ್ಟಿಗೆ ಬೊವಾಡುವಿನ ಮನೆತನಕ್ಕೆ ಹೋಯಿತು. ಸುಳ್ಳಾಣೆಯ ಪ್ರಾಯಶ್ಚಿತ್ತಕ್ಕೆ ಸೆಚಿವಾಳ ಕಡೆಯವರು ತಾಯಿಯ ಸಮಾಧಿಯ ಬಳಿ ಒಂದು ಕುರಿ ಕಡಿಯಬೇಕೆಂದೂ ಆಯಿತು. ತಂಗಿಯ ಮಗಳ ಓದಿಗೆಂದು ತಾಚಿ ಎತ್ತಿಟ್ಟಿದ್ದ ಅಷ್ಟಿಷ್ಟು ಹಣ ಆ ಕುರಿಗೆ ಹೋಯಿತು. ಸೆಚಿವಾಳ ಕಣ್ಣೆದುರಿಗೇ ನಾದಿನಿಯರು ಪೀಸುಗಳನ್ನು ಒಂದೊಂದಾಗಿ ಬಿಚ್ಚಿ ಸೊಂಟಕ್ಕೆ ಹಿಡಿದು ನೋಡಿದರು. "ಈ ಬಣ್ಣ ನಂಗೊಪ್ಪತ್ತಾ?" "ಅಯ್ಯೋ, ನಿನ್ನ ಸೊಂಟಕ್ಕೆ ಆರು ಗಜ ಎಲ್ಲಿ ಸಾಕು, ಇಲ್ಲಿ ಕೊಡು." ಹತ್ತೊಂಬತ್ತು ವರ್ಷ ಅವಳೊಬ್ಬಳೇ ಬದಲಿಸಿದ್ದ ಮಡಿಕೆಗಳು ಅಂಗಳದ ಧೂಳಿನಲ್ಲಿ ಬಿಚ್ಚಿಕೊಂಡವು. ಅಬ್ರಫಿ ಕೊನೆಗೆ ಬಾವಿ ಅಚ್ಚಿನ ಒಂದು ಪೀಸನ್ನು ಎತ್ತಿ, ಎಲ್ಲರಿಗೂ ಕೇಳುವಂತೆ, "ತಗೋ ಹೆಂಡ್ತೀ. ಬರಿಗೈಲಿ ಕಳಿಸಿದ್ರು ಅಂತ ನಾಳೆ ಊರು ಆಡ್ಕೋಬಾರ್ದು" ಎಂದು ಅವಳ ಮಡಿಲಿಗೆ ಹಾಕಿದಳು.

ಕೊಟ್ಟದ್ದನ್ನು ತೆಗೆದುಕೊಂಡರೆ ಅಷ್ಟಕ್ಕೇ ಮುಗಿಯುವುದಿಲ್ಲ. ಮರುದಿನ ಬೆಳಿಗ್ಗೆ ತನ್ನವರನ್ನು ಕರೆದುಕೊಂಡು ಕೊಟ್ಟವರ ಮನೆಗೆ ಹೋಗಿ, ಸಾಕ್ಷಿಗಳ ಮುಂದೆ ಉಪಕಾರ ಹೇಳಿ ಬರಬೇಕು. ಹೇಳಿದ ಮೇಲೆ ಕೊಡುಗೆ ಪಕ್ಕಾ. ಕೊಟ್ಟವರು ಹಿಂದಕ್ಕೆ ಕೇಳುವಂತಿಲ್ಲ. ಪಡೆದವಳು ಅದು ಮೊದಲಿಂದ ತನ್ನದೇ ಆಗಿತ್ತೆಂದು ಇನ್ನು ಜನ್ಮದಲ್ಲಿ ಹೇಳುವಂತಿಲ್ಲ. ಉಪಕಾರ ಹೇಳದಿದ್ದರೆ ಪೀಸು ವಾಪಸು.

"ಆ ಒಂದು ಪೀಸಿಗೆ ಮೊದಲ ಅವಧಿ ಫೀಸು ಹುಟ್ಟುತ್ತೆ," ಎಂದ ತಾಚಿ ಅವತ್ತು ಸಂಜೆ, ಅವಳ ಮುಖ ನೋಡದೆ. "ಮುಂದಿಂದು ಮುಂದೆ. ಕಾನೂನು ಅಂತ ಕುಮಾಸಿ ಕೋರ್ಟಿಗೆ ಹೋಗೋಣ ಅಂತೀಯಾ? ಹೋಗಿ ಏನು ಹೇಳೋದು, ಇವಳು ಸುಳ್ಳಾಣೆ ಇಟ್ಟೋಳು ಅಂತನಾ?"

ಬೆಳಿಗ್ಗೆ ತಾಯಿ, ಮಗಳು, ತಾಚಿ ಮೂವರೂ ಹೋದರು. ಅಬ್ರಫಿ ಪದ್ಧತಿಯಂತೆ ಸ್ಟೂಲು ಹಾಕಿಸಿದಳು, ನೀರು ಕೊಟ್ಟಳು. ಇಬ್ಬರು ಮುದುಕರು ಸಾಕ್ಷಿಗೆಂದು ಬಂದು ಕೂತಿದ್ದರು. ತಾಚಿ ಬಂದ ಕಾರಣ ಹೇಳಿದ. ಆಮೇಲೆ ಎಲ್ಲರೂ ಸೆಚಿವಾಳ ಕಡೆ ತಿರುಗಿದರು.

"ಉಪಕಾರ ಆಯ್ತು ಅಕ್ಕಾ," ಎಂದಳು.

"ಅಜ್ಜಂದಿರಿಗೆ ಕಿವಿ ಮಂದ. ಯಾರ ಬಟ್ಟೆಗೆ ಉಪಕಾರ, ಬಿಡಿಸಿ ಹೇಳೇ."

ಸೆಚಿವಾ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತಲೆ ಬಗ್ಗಿಸಿದಳು. "ಬೊವಾಡು ಮನೆಯವರ ಬಟ್ಟೆ. ಅವರು ನನಗೆ ದಯಮಾಡಿ ಕೊಟ್ಟಿದ್ದಾರೆ. ನಾನು ತಗೊಂಡಿದ್ದೀನಿ. ಉಪಕಾರ ಆಯ್ತು." ಒಂದು ಮಾತೂ ತಡವರಿಸಲಿಲ್ಲ. ಅಡೊಮಾಳ ಕೈಯಲ್ಲೂ ಹೇಳಿಸಿದರು. ಹುಡುಗಿ ನೆಲ ನೋಡಿಕೊಂಡು ಹೇಳಿದಳು.

ವಾಪಸು ಬರುವಾಗ ತಾಚಿ ಸಂತೆಯ ಕಡೆ ತಿರುಗಿದ. ತಾಯಿ ಮಗಳು ಇಬ್ಬರೇ ರೈಲು ಹಳಿಯ ಪಕ್ಕದ ದಾರಿಯಲ್ಲಿ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅಡೊಮಾ ಕೇಳಿದಳು, "ಅಮ್ಮಾ, ಅತ್ತೆ ಹೇಳಿದ್ದು ನಿಜಾನಾ? ಅಪ್ಪನಿಗೆ ಹೊಟ್ಟೆತುಂಬ ಹಾಕ್ದೆ ಉಳಿಸಿದ್ದಾ ಅದೆಲ್ಲ?"

ಇಲ್ಲ ಎಂದರೆ ಹುಡುಗಿ ನಂಬುತ್ತಾಳೋ ಇಲ್ಲವೋ ಎಂಬುದು ಸೆಚಿವಾಳಿಗೇ ಗೊತ್ತಿರಲಿಲ್ಲ. ತನಗೇ ಆ ನಂಬಿಕೆ ಉಳಿದಿದೆಯೇ ಎಂದು ಒಳಗೆ ಹುಡುಕಿದಳು, ಸಿಗಲಿಲ್ಲ.

"ಉಳಿಸಿದ್ದು ನಿಜ," ಎಂದಳು.

"ನನ್ನ ಶಾಲೆಗಾ?"

"ಹೂಂ."

ಅಡೊಮಾ ನಿಂತುಬಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಹಂಗಾದ್ರೆ ನಂಗೆ ಆ ಶಾಲೆ ಬೇಡ. ನಾನು ಹೋಗಲ್ಲ."

ಸೆಚಿವಾ ಅವಳ ರಟ್ಟೆ ಹಿಡಿದಳು. ಹುಟ್ಟಿದಂದಿನಿಂದ ಮಗಳ ಮೈಮೇಲೆ ಅಷ್ಟು ಬಿಗಿಯಾಗಿ ಕೈ ಹಾಕಿರಲಿಲ್ಲ.

"ಹೋಗ್ತೀಯ," ಎಂದಳು. "ನಾನು ಉಪಕಾರ ಹೇಳಿ ಆಯ್ತು."