ತಿಪ್ಪೆಗೆ ಬಳಿದ ಸುಣ್ಣ

ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿತ್ತು. ನಾನಾಗ ಹೊಸೂರಿನ ಒಂದು ಪ್ರಯೋಗಾಲಯದಲ್ಲಿ ಮಣ್ಣು ತೊಳೆಯುವ ಕೆಲಸದಲ್ಲಿದ್ದೆ. ಊರವರಿಗೆ ಹೇಳುತ್ತಿದ್ದುದು ಹಾಗೆ. ನಿಜಕ್ಕೂ ಮಣ್ಣಿನಿಂದ ಡಿಎನ್ಎ ತೆಗೆಯುತ್ತಿದ್ದೆವು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೇ ಅವುಗಳ ಡಿಎನ್ಎ ತುಂಡುಗಳನ್ನು ನಾವು ಸಾಕಿದ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಹೊಸ ಕಿಣ್ವವೇನಾದರೂ ಹುಟ್ಟೀತೇ ಎಂದು ಕಾಯುವುದು. ಔಷಧಿ ಕಾರ್ಖಾನೆಗಳು ಘಾಟು ದ್ರಾವಕದಲ್ಲಿ ಕುದಿಸಿ ಮಾಡುವ ಕೆಲಸವನ್ನು ಸರಿಯಾದ ಕಿಣ್ವ ಬರೀ ನೀರಿನಲ್ಲಿ ಮಾಡಬಲ್ಲದು.

ಅಂಥ ಒಂದು ಕಾರ್ಖಾನೆಯಲ್ಲಿ ನಮ್ಮಣ್ಣ ದ್ರಾವಕದ ಟ್ಯಾಂಕಿನ ಬಳಿ ದುಡಿಯುತ್ತಿದ್ದ. ನಾಲ್ಕು ಹೆಜ್ಜೆ ಇಟ್ಟರೆ ಕೆಮ್ಮು.

"ನೀನು ಅದನ್ನ ಕಂಡುಹಿಡ್ದ್ಬುಟ್ರೆ ನಿಮ್ಮಣ್ಣ ಉಳ್ಕತಾನೆ ಅಲ್ವೇನ್ಲಾ?" ಎಂದು ಅವ್ವ ಕೇಳಿದಾಗಲೆಲ್ಲ ನಾನು ಹೂಂಗುಟ್ಟುತ್ತಿದ್ದೆ.

ಗುಮ್ಮಳಾಪುರದ ನಮ್ಮ ಮನೆಯ ತಿಪ್ಪೆಯಲ್ಲಿ ವರ್ಷಗಟ್ಟಲೆ ಮಾವಿನ ಸಿಪ್ಪೆ, ಓಟೆ ಕೊಳೆತಿದ್ದವು. ಒಂದು ಭಾನುವಾರ ಅಲ್ಲಿಂದ ಹಿಡಿ ಮಣ್ಣು ತಂದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಒಂದು ಚುಕ್ಕೆಯ ಸುತ್ತ ತಿಳಿಯಾದ ಉಂಗುರ ಮೂಡಿತು. ಕಿಣ್ವ ಕೆಲಸ ಮಾಡಿದೆ ಎಂಬುದರ ಗುರುತದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಮಗೆ ಹಿತ್ತಲ ತಿಪ್ಪೆಯೇ ಮದ್ದಾಗುವಂತಿತ್ತು. ಆದರೆ ಮತ್ತೆ ಬೆಳೆಸುವಷ್ಟರಲ್ಲಿ ಬ್ಯಾಕ್ಟೀರಿಯಾ ಆ ಡಿಎನ್ಎ ತುಂಡನ್ನು ಕಳೆದುಕೊಂಡಿತು. ತಂದ ಮಣ್ಣೂ ಮುಗಿದಿತ್ತು. ನಮ್ಮ ಮೇಲಧಿಕಾರಿಯೇ ಬಂದು ತಿಪ್ಪೆ ನೋಡುವುದೆಂದಾಯಿತು. ಸಾಹೇಬರು ಮನೆಗೆ ಬರುತ್ತಾರೆ ಎಂದಷ್ಟೇ ಅವ್ವನಿಗೆ ಹೇಳಿಕಳಿಸಿದೆ.

ಹೋಗಿ ನೋಡಿದರೆ ಅಂಗಳದಲ್ಲಿ ರಂಗೋಲಿ, ಹಿತ್ತಲಲ್ಲಿ ಬರಿದಾದ ಗುಂಡಿ. ಅವ್ವ ಆಳು ಹಚ್ಚಿ ಗೊಬ್ಬರವನ್ನೆಲ್ಲ ಹೊಲಕ್ಕೆ ಹರಡಿಸಿ, ಗುಂಡಿಗೆ ಬ್ಲೀಚಿಂಗ್ ಪುಡಿ ಎರಚಿ, ಅಂಚಿಗೆ ಸುಣ್ಣ ಬಳಿದಿದ್ದಳು.

"ದೊಡ್ಡೋರು ಬತ್ತಾರಲ್ಲ, ನಾತ ಇರಬಾರ್ದು ಅಂತ," ಎಂದಳು, ಹೆಮ್ಮೆಯಿಂದಲೇ.

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಸಾಹೇಬರ ಎದುರಿಗೇ, "ನಿನ್ನ ಮಗನ ಉಸಿರಿಗೇ ಸುಣ್ಣ ಬಳ್ದ್ಬುಟ್ಟೆ ಕಣವ್ವ," ಅಂದುಬಿಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಹೊಲದಲ್ಲಿ ಬಿಸಿಲಿಗೆ ಒಣಗಿದ್ದ ಗೊಬ್ಬರವನ್ನೇ ಬಾಚಿ ತಂದೆವು. ಅದರಲ್ಲಿ ಏನೂ ಸಿಗಲಿಲ್ಲ.

ಮರುವರ್ಷ ಅಣ್ಣ ತೀರಿಕೊಂಡ. ಮಾತಾಡಿಸಲು ಬಂದವರಿಗೆಲ್ಲ ಅವ್ವ, "ನಾನೇ ಕೈಯಾರೆ ಕೊಂದ್ಬುಟ್ಟೆ," ಅನ್ನುತ್ತಿದ್ದಳು. ಹೆತ್ತ ಸಂಕಟ ಎಂದು ಅವರು ಸಮಾಧಾನ ಹೇಳುತ್ತಿದ್ದರು. ನನಗೆ ಮಾತ್ರ ಕೇಳಲಾಗುತ್ತಿರಲಿಲ್ಲ. ಹನ್ನೊಂದನೆಯ ದಿನ ತಡೆಯಲಾರದೆ ಹೇಳಿದೆ: ಕಿಣ್ವ ಸಿಕ್ಕಿದ್ದರೂ ಕಾರ್ಖಾನೆ ಸೇರಲು ಎಂಟು ಹತ್ತು ವರ್ಷ ಬೇಕಿತ್ತು, ಅಣ್ಣನಿಗೆ ಅದು ದಕ್ಕುತ್ತಿರಲಿಲ್ಲ, ಇದು ನನಗೆ ಮೊದಲೇ ಗೊತ್ತಿತ್ತು, ನಿನ್ನದೇನೂ ತಪ್ಪಿಲ್ಲ.

ಅವ್ವ ನನ್ನ ಕಡೆ ತಿರುಗಿದಳು.

"ನೀ ಕಂಡುಹಿಡಿಯೋದು ಇವತ್ತೋ ನಾಳೆಯೋ ಬತ್ತದೆ ಅಂತ ತಾನೇ ಅವನು ಆ ಕಾರ್ಖಾನೇಲೇ ಇದ್ದಿದ್ದು," ಅಂದಳು. "ಮೊದ್ಲೇ ಹೇಳಿದ್ರೆ ಕೆಲ್ಸ ಬುಡ್ಸಿ ಕರ್ಕೊಂಬತ್ತಿದ್ನಲ್ಲಪ್ಪ."