ಕಾಲಿದ್ದ ನಾಗಪ್ಪ

ನಕ್ಕರೆ ಮೊದಲು ಅವಳ ಮೂಗುಬೊಟ್ಟು ಅಲುಗುತ್ತಿತ್ತು, ಆಮೇಲೆ ತುಟಿ ಅರಳುತ್ತಿತ್ತು. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಅಜ್ಜಂಪುರದ ಆ ಮನೆಗೆ ನಾನು ಕಾಲಿಡುವ ಹೊತ್ತಿಗೆ ಎಲ್ಲರೂ ಅವಳ ಕಡೆಯವರಾಗಿದ್ದರು. ಅತ್ತೆಯಂತೂ ಊಟಕ್ಕೆ ಕೂತರೆ ಅವಳನ್ನೇ ಕೂಗುತ್ತಿದ್ದರು. ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ತರೀಕೆರೆಯ ತವರಿನಿಂದ ಅವಳೊಂದು ಚೀನಾ ಭರಣಿ ತಂದಿದ್ದಳು. ಪಲ್ಟನ್ನಿನಲ್ಲಿದ್ದ ಅವಳ ತಾತ ಹಡಗಿನಲ್ಲಿ ತಂದದ್ದಂತೆ. ಬಿಳಿ ಮೈ, ಸುತ್ತ ನೀಲಿ ಬಣ್ಣದ ಹಾವಿನಂಥ ಪ್ರಾಣಿ. ಅದಕ್ಕೆ ಮೀಸೆ, ಉಗುರಿರುವ ಕಾಲು ಬೇರೆ. ಅಕ್ಕ ಅದರಲ್ಲಿ ಮಾವಿನ ಉಪ್ಪಿನಕಾಯಿ ಹಾಕಿಡುತ್ತಿದ್ದಳು. ಒಂದು ನಾಗರಪಂಚಮಿಗೆ, ಮಂಡಿನೋವಿನಿಂದ ಹುತ್ತದವರೆಗೆ ನಡೆಯಲಾಗದ ಅತ್ತೆ ಭರಣಿಯನ್ನೇ ತೊಳೆಸಿ, ಕುಂಕುಮ ಹಚ್ಚಿ ಹಾಲೆರೆದುಬಿಟ್ಟರು.

“ಹಾವಿಗೆ ಕಾಲಿರ್ತಾವಾ ಅತ್ತೆ?” ಎಂದೆ.

ಅಕ್ಕನ ಮೂಗುಬೊಟ್ಟು ಅಲುಗಿತು. “ಚೀನಾದಿಂದ ಬರ್ಬೇಕಲ್ಲೇ, ಅಷ್ಟು ದೂರ ತೆವಳ್ಕೊಂಡು ಬರಕ್ಕಾಯ್ತದಾ?”

ಅತ್ತೆ ನಕ್ಕು ನಕ್ಕು ಸುಸ್ತಾದರು. ಮರುವರ್ಷ ಕೇರಿಯ ಹೆಂಗಸರೂ ಕಾಲಿದ್ದ ನಾಗಪ್ಪನಿಗೆಂದು ಹಾಲು ಹಿಡಿದು ಬಂದರು. ಅವಳ ಭರಣಿ ದೇವರ ಗೂಡು ಸೇರಿತು. ಉಪ್ಪಿನಕಾಯಿ ನನ್ನ ತವರಿನ ಬೋಳು ಜಾಡಿಗೆ ಬಂತು. ಹೊಟ್ಟೆ ಧಗಧಗ ಉರಿಯಿತು. ಆ ಭರಣಿ ನನ್ನದಾಗಬೇಕು, ಇಲ್ಲವೇ ಮನೆಯಿಂದ ತೊಲಗಬೇಕು ಎಂದುಕೊಂಡೆ.

ಚೀನಾದವರು ಯುದ್ಧಕ್ಕೆ ಬಂದ ವರ್ಷ ನನಗೂ ಕಾಲ ಬಂತು. “ವೈರಿಗಳ ಸಾಮಾನು ದೇವರ ಗೂಡಲ್ಲಿ ಯಾಕೆ? ಒಡ್ದು ತಿಪ್ಪೆಗಾಕಿ,” ಎಂದು ಎಲ್ಲರೆದುರೂ ಹೇಳಿದೆ. ಭಾವನವರೂ ಹೌದೆಂದು ತಲೆಯಾಡಿಸಿದರು. ಅಕ್ಕ ಭರಣಿಯನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ನಿಂತಳು.

“ಇಷ್ಟು ವರ್ಷ ನಮ್ಮನೆ ಹಾಲು ಕುಡ್ದೈತೆ. ಇನ್ನೂ ಚೀನಾದ್ದೇನ್ರೀ? ನಾನೂ ತರೀಕೆರೆಯಿಂದ ಬಂದೋಳು, ನನ್ನೂ ಆಚೆ ಹಾಕ್ತೀರಾ?”

ಅತ್ತೆ ಭರಣಿಯನ್ನು ತಿರುಗಿ ಗೂಡಿಗಿಡಿಸಿದರು. ಮತ್ತೆ ಅವಳೇ ಗೆದ್ದಳು, ಮಹರಾಯ್ತಿ!

ಕೆಲವು ವರ್ಷಕ್ಕೆ ಎದೆನೋವೆಂದು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, “ನಾಗಪ್ಪನ್ನ ನೀನೇ ಇಟ್ಕೊಳ್ಳೇ. ನೀನು ದಿನಾ ಕದ್ದು ಕದ್ದು ನೋಡ್ತಿದ್ದೆ, ನಂಗೆ ಗೊತ್ತಿರ್ಲಿಲ್ಲ ಅನ್ಕೊಂಡ್ಯಾ?” ಎಂದಳು. ಮೂಗುಬೊಟ್ಟು ಅಲುಗಿತು, ತುಟಿಗೆ ತ್ರಾಣ ಸಾಲಲಿಲ್ಲ. ಆ ವಾರವೇ ಹೋದಳು.

ಆಮೇಲೊಮ್ಮೆ ಮ್ಯೂಸಿಯಂಗೆ ಹಳೆಯ ಸಾಮಾನು ಕೂಡಿಸುವವರು ಕಡೂರಿನಿಂದ ಜೀಪಿನಲ್ಲಿ ಬಂದರು. ಭರಣಿಯನ್ನು ಕಂಡು, “ಇದು ಯಾರದ್ದಮ್ಮಾ? ಕೊಡ್ತೀರಾ?” ಎಂದರು. ನನ್ನದು ಎನ್ನಬೇಕೆಂದು ಎಷ್ಟು ವರ್ಷ ಕಾದಿದ್ದೆ! ಬಾಯಿ ತೆರೆದರೆ, “ನಮ್ಮಕ್ಕಂದು ಕಣ್ರೀ, ಕೊಡಕ್ಕಾಗಲ್ಲ” ಎಂದುಬಿಟ್ಟೆ.

ನೋಡಿ, ಹೋಗುವಾಗ ನನ್ನ ಬಾಯನ್ನೂ ತನ್ನ ಕಡೆ ಮಾಡಿಕೊಂಡು ಹೋಗಿದ್ದಾಳೆ.